ಪರಿತಾಪವೂ ಮಾನಸಾಂತರವೂ

ಮಾಡಿದ ತಪ್ಪನ್ನು ನೆನೆದು ಪರಿತಪಿಸಿದ ಮಾತ್ರಕ್ಕೆ ಮನುಷ್ಯನು ಶುದ್ಧನಾಗುವನೆ? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ, ಕ್ರೈಸ್ತರ ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನ ಎರಡು ಶಬ್ದಗಳು ಉಪಕಾರಕವಾಗಿರುವುವು.

ಮೊದಲನೆಯದು ‘ಮೆಟಾನೋಯಾ’. ಇದರಲ್ಲಿ ‘ಮೆಟಾ’ ಎಂಬುದು ಮಾರ್ಪಾಟನ್ನೂ, ‘ನೂಸ್’ ಎಂಬುದು ಮನಸ್ಸನ್ನೂ ಸೂಚಿಸುವುವು. ಕನ್ನಡ ಬೈಬಲ್ಲಿನಲ್ಲಿ ಬರುವ ‘ಮಾನಸಾಂತರ’ವು ಈ ಅವಯವಾರ್ಥವನ್ನೇ ಹಿಡಿದಿದೆ. ಇದರ ಕ್ರಿಯಾರೂಪಗಳೂ ಗಮನಾರ್ಹವಾದುವು. ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸುವು ‘ಮೆಟನೊಯೇಟೆ’ ಎಂದು ಬಹುವಚನದಲ್ಲಿ ಆಜ್ಞಾಪಿಸುತ್ತಾನೆ. ವರ್ತಮಾನರೂಪದ ಈ ವಿಧಿಯಲ್ಲಿ ಎಡೆಬಿಡದೆ ನಡೆಯತಕ್ಕ ಕಾರ್ಯದ ಧ್ವನಿಯುಂಟು. ಲ್ಯಾಟಿನ್ ಅನುವಾದದಲ್ಲಿ ಇದು ‘ಪೇನಿಟೆಂಟಿಯಾಮ್ ಆಗಿಟೆ’ ಎಂದಾದಾಗ, ಗುರುವು ವಿಧಿಸಿದ ಪ್ರಾಯಶ್ಚಿತ್ತವನ್ನು ಮಾಡಿರೆಂಬ ಅರ್ಥಕ್ಕೂ ಎಡೆಯಾಯಿತು. 1517ರಲ್ಲಿ ಮಾರ್ಟಿನ್ ಲೂಥರನು ತನ್ನ 95 ವಾದಸೂತ್ರಗಳಲ್ಲಿ ಮೊದಲನೆಯದರಲ್ಲಿಯೇ, ಆ ಆಜ್ಞೆಯು ಇಡೀ ಬಾಳಿಗೆ ಅನ್ವಯಿಸುವುದೆಂದು ಸಾರಿದನು.

ಎರಡನೆಯದು ‘ಮೆಟಮೆಲೊಮಾಯ್’, ಮಾಡಿದುದಕ್ಕಾಗಿ ಹಿಂದಿನಿಂದ ಕೊರಗುವುದೆಂದು ಇದರ ಭಾವ. ಯೇಸುವನ್ನು ಹಿಡಿದುಕೊಟ್ಟ ಯೂದನ ವಿಷಯದಲ್ಲಿ ಮತ್ತಾಯನು ಇದನ್ನೇ ಪ್ರಯೋಗಿಸಿರುವನು. ಇಷ್ಟರಿಂದಲೇ ಮೊದಲನೆಯ ಶಬ್ದವು ಉತ್ತಮ, ಎರಡನೆಯದು ಅಧಮವೆಂದು ಹಲವರು ನಿರ್ಣಯಿಸುವರು. ಆದರೆ ಅದೇ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ತೋಟಕ್ಕೆ ಹೋಗೆಂದ ತಂದೆಗೆ ಒಲ್ಲೆನೆಂದು ಹೇಳಿ, ಬಳಿಕ ಮನಸ್ಸು ತಿರುಗಿ ಹೋದ ಮಗನ ವಿಷಯದಲ್ಲಿಯೂ ‘ಮೆಟಮೆಲೇಥೈಸ್’ ಎಂಬ ಅದೇ ರೂಪವಿರುವುದು. ಸಂಸ್ಕೃತದ ಕ್ತ್ವಾಂತದಂತೆ, ಕನ್ನಡದ ‘ಮರುಗಿ’ ಎಂಬುದರಂತೆ, ಈ ರೂಪವು ತಾನಾಗಿ ವಾಕ್ಯವನ್ನು ಮುಗಿಸಲಾರದು. ಮರುಗಿ ಏನು ಮಾಡಿದನೆಂಬ ಆಕಾಂಕ್ಷೆಯು ಉಳಿಯುವುದು. ಮಗನು ಮರುಗಿ ತೋಟಕ್ಕೆ ನಡೆದನು. ಯೂದನು ಮರುಗಿ 30 ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ತಂದನು, ತಪ್ಪನ್ನೂ ಒಪ್ಪಿಕೊಂಡನು. ಅದು ತಮಗೆ ಸೇರಿದುದಲ್ಲವೆಂದು ಯಾಜಕರು ನುಡಿದರು. ಅವನು ಹೋಗಿ ಉರುಳು ಹಾಕಿಕೊಂಡನು.

ಅವನ ಕೊರಗಿಗೆ ಕೊರತೆಯಿರಲಿಲ್ಲ. ಮುಂದೆ ನಡೆಯುವುದಕ್ಕೆ ದಾರಿಯಿದೆಯೆಂಬ ನಂಬಿಕೆಯಿರಲಿಲ್ಲ. ಆ ನಂಬಿಕೆಯನ್ನು ಹುಟ್ಟಿಸುವ ಮಾತನ್ನು ಆಡುವವರೂ ದೊರೆಯಲಿಲ್ಲ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ದಿನಕ್ಕೆ 7 ಸಾರಿ ತಪ್ಪುಮಾಡಿದವನು 7 ಸಾರಿಯೂ ತಿರುಗಿ ಬಂದು, ಮನಸ್ಸನ್ನು ತಿರುಗಿಸುತ್ತೇನೆಂಬ ಅರ್ಥದ ‘ಮೆಟನೋ’ ಎಂಬ ಒಂದೇ ಪದವನ್ನು ನುಡಿದರೂ ಕ್ಷಮಿಸಬೇಕೆಂದು ವಿಧಿಸಿದೆ. ಆ ಪದದ ಹಿಂದಿರುವ ಮನಸ್ಸನ್ನು ಅಳೆಯುವ ಅಧಿಕಾರವನ್ನು ಕೇಳುವವನಿಗೆ ಅಲ್ಲಿ ಕೊಟ್ಟಿಲ್ಲ. ಆದುದರಿಂದ ಪರಿತಪಿಸಿದವನ ಶುದ್ಧಿಯನ್ನು ವಿಚಾರಿಸುವಾಗ, ಅವನ ಮುಂದಣ ನಡೆಯೊಡನೆ, ಅವನ ಮಾತನ್ನು ಕೇಳಿದವರ ನಡೆಯನ್ನೂ ಸೇರಿಸಿ ನೋಡುವುದೇ ನ್ಯಾಯವು.