ಕಲ್ಲು, ಸಕ್ಕರೆ ಮತ್ತು ಗೆಳೆತನ

ಆರ್. ಕೆ. ನಾರಾಯಣ್ ಅವರು 1935ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಅದರ ಕೊನೆಯಲ್ಲಿ, ಮುನಿಸಿಕೊಂಡು ಊರು ಬಿಡುತ್ತಿರುವ ಗೆಳೆಯ ರಾಜಮ್‌ಗೆ ಸ್ವಾಮಿ ರೈಲ್ವೆ ನಿಲ್ದಾಣದಲ್ಲಿ ಒಂದು ಪುಸ್ತಕ ತಲುಪಿಸುತ್ತಾನೆ. ಅದು ಆಂಡರ್ಸನ್ನನ ಕಿನ್ನರ ಕಥೆಗಳ ಪುಸ್ತಕ. ಗೆಳೆತನವನ್ನು ಉಳಿಸಿಕೊಳ್ಳಲು ಹುಡುಗನಿಗೆ ತೋಚಿದ್ದು ಮಾಯೆಯ ಕಥೆಗಳೇ! ಹಾಗಾದರೆ ದೊಡ್ಡವರಾಗುವುದೆಂದರೆ ಆ ಮಾಯೆಯನ್ನು ಕೈಬಿಡುವುದೆ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಬರಿಯ ಪುಸ್ತಕದ್ದಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣ ತಾತಯ್ಯನವರು ಬಳೆ ಮಾರುತ್ತಿದ್ದವರು. ಗುರುವು ಕೊಟ್ಟ ಬೆಣಚುಕಲ್ಲು ಜಪ ಮಾಡುತ್ತ ಕುಳಿತ ಅವರ ಬಾಯಲ್ಲಿ ಕಲ್ಲುಸಕ್ಕರೆಯಾಯಿತೆಂದು ಐತಿಹ್ಯ. ಮುಂದೆ ಅವರು ಕನ್ನಡ, ತೆಲುಗು ಎರಡರಲ್ಲಿಯೂ ಕೀರ್ತನೆಗಳನ್ನು ರಚಿಸಿದರು. ಒಮ್ಮೆ ನನ್ನ ತರಗತಿಯಲ್ಲಿ ಈ ಕಥೆ ಬಂದಾಗ ಒಬ್ಬ ಹುಡುಗ, “ಕಲ್ಲು ಸಕ್ಕರೆಯಾದೀತೆ ಸಾರ್?” ಎಂದು ಗಟ್ಟಿಯಾಗಿ ನಕ್ಕ. ಪಕ್ಕದಲ್ಲಿದ್ದವನು ಅವನ ಜೀವದ ಗೆಳೆಯ; ತನ್ನ ಹಳ್ಳಿಯ ಭಜನಾ ಮಂಡಳಿಯಲ್ಲಿ ತಾತಯ್ಯನವರ ಪದಗಳನ್ನು ಹಾಡುವವನು. ಅವನು ತಲೆ ತಗ್ಗಿಸಿದ. ಬಹಳ ದಿನ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕುಳಿತರು. ಸತ್ಯ ದೊಡ್ಡದೆ, ಸ್ನೇಹ ದೊಡ್ಡದೆ?

ಇಲ್ಲಿ ನನಗೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. 1920ರಲ್ಲಿ ಬಡತನದಲ್ಲಿ ಹುಟ್ಟಿದ ಅವರು, ಹೈಸ್ಕೂಲು ಓದುವುದಕ್ಕೆಂದು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನು ರಚಿಸಿ ದೊಡ್ಡ ವಿವಾದವನ್ನೇ ಎದುರಿಸಿದರು. ಪ್ರಶ್ನಿಸದೆ ಒಪ್ಪಬೇಡ ಎಂಬುದು ಅವರ ಬಾಳಿನ ಸೂತ್ರ. ಆದರೆ ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿದವರೂ ಅವರೇ. ಪವಾಡ ಪುರುಷರಲ್ಲಿ ಸಾಕ್ಷ್ಯ ಕೇಳಿದವರು ಸಂಗೀತಕ್ಕೆ ವೇದಿಕೆ ಕಟ್ಟಿಕೊಟ್ಟರು. ಇದರಲ್ಲಿ ವಿರೋಧವೇನೂ ನನಗೆ ಕಾಣದು.

ಏಕೆಂದರೆ ಸಂಗೀತ ಯಾವುದನ್ನೂ ಬಚ್ಚಿಡುವುದಿಲ್ಲ. ತಂಬೂರಿಯ ಶ್ರುತಿ, ತಾಳದ ಲೆಕ್ಕ ಎಲ್ಲವೂ ಬಯಲು. ಕಲಿತಷ್ಟೂ ಬೆರಗು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮಕ್ಕಳನ್ನು ಕೇಳಿ: ಹುಳು ನಾಲ್ಕು ಜ್ವರ ಕಳೆದು, ಚಂದ್ರಿಕೆಯಲ್ಲಿ ಗೂಡು ಕಟ್ಟುವುದನ್ನು ದಿನದಿನವೂ ಕಂಡು ಬಲ್ಲ ಅವರಿಗೂ ಗೂಡನ್ನು ಕಂಡರೆ ಸಂತೋಷವೇ. ಕಥೆಗಾರನೂ ಯಾರನ್ನೂ ವಂಚಿಸುವುದಿಲ್ಲ. ಇದು ಕಥೆಯೆಂದು ಮೊದಲೇ ಹೇಳಿರುತ್ತಾನೆ. ಪ್ರಶ್ನೆ ಕೇಳಬಾರದೆಂದು ಹೇಳಿ ಜನರ ಹಣವನ್ನೂ ಬುದ್ಧಿಯನ್ನೂ ಕಿತ್ತುಕೊಳ್ಳುವ ಮಾಯೆ ಮಾತ್ರ ಬೇರೆಯ ಜಾತಿಯದು. ಬೆಳೆಯುವ ಹುಡುಗ ಕಲಿಯಬೇಕಾದುದು ಈ ಭೇದವನ್ನು.

ಆದ್ದರಿಂದ ನಕ್ಕ ಹುಡುಗನ ಪ್ರಶ್ನೆ ಸರಿ, ನಗು ಸರಿಯಲ್ಲ. ಪ್ರಶ್ನೆ ಕಥೆಗೆ ತಾಗಿತು, ನಗು ಗೆಳೆಯನಿಗೆ ತಾಗಿತು. ಹಾಡುವ ಹುಡುಗನಾದರೂ ಅಂಜಬೇಕಾದುದಿಲ್ಲ. ಬಾಯಲ್ಲಿದ್ದ ಕಲ್ಲು ಕಲ್ಲಾಗಿಯೇ ಉಳಿದಿದ್ದರೂ ಆ ಬಾಯಿಂದ ಬಂದ ಪದಗಳು ಇಂದಿಗೂ ಸಿಹಿಯಾಗಿಯೇ ಇವೆ. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಕೈವಾರಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬ ಹಾಡುವವನು, ಒಬ್ಬ ಪ್ರಶ್ನಿಸುವವನು. ಇಬ್ಬರಲ್ಲಿ ಯಾರನ್ನೂ ದಡ್ಡನನ್ನಾಗಿ ಮಾಡದ ಕಾದಂಬರಿಯೊಂದು ಈ ಬರಸೀಮೆಯಿಂದ ಬರಲಿ. ಹರೆಯದ ಮಕ್ಕಳ ಕೈಗೆ ಅದನ್ನು ನಾನು ಸಂತೋಷದಿಂದ ಕೊಟ್ಟೇನು.