ಬೆಟ್ಟುಗದ್ದೆಯ ಲೆಕ್ಕ

"ಎಕರೆಗೆ ಎಷ್ಟಾಯ್ತು?" ಎಂದು ಕೇಳುವುದು ಸುಲಭ. ಉತ್ತರ ಕಡಿಮೆಯಾದರೆ "ಈಗಿನವರಿಗೆ ಮೈಬಗ್ಗಿಸಿ ದುಡಿಯಲು ಬರುವುದಿಲ್ಲ" ಎಂದು ತೀರ್ಪು ಕೊಡುವುದು ಇನ್ನೂ ಸುಲಭ. ಮಣಿಪಾಲದ ಮದುವೆಯೂಟದ ಪಂಕ್ತಿಯಲ್ಲೂ ಕಾರ್ಕಳದ ಬಸ್ಸಿನಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿದೆ. ಕಡಿಮೆ ಬೆಳೆದವರು ಕಡಿಮೆ ದುಡಿದವರು ಎನ್ನುವುದು ನ್ಯಾಯವೇ?

ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ತಗ್ಗಿನ ಬೈಲಿನಲ್ಲಿ ನೀರಿದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಮಜಲಿನಲ್ಲಿ ಎರಡು. ಎತ್ತರದ ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ. ನೆಲದ ಶಕ್ತಿಯನ್ನು ತಿಳಿದೇ ಅದರಿಂದ ನಿರೀಕ್ಷಿಸಬೇಕೆಂಬ ವಿವೇಕ ಈ ಹೆಸರುಗಳಲ್ಲಿದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಆ ಮಳೆಯೇ ಮುರಕಲ್ಲಿನ ನೆಲದ ಸತ್ವವನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ. ಸುಣ್ಣ ಹಾಕದಿದ್ದರೆ ಕೊಟ್ಟ ಗೊಬ್ಬರವೂ ಪೈರಿಗೆ ಪೂರ್ತಿ ದಕ್ಕದು. ಕಾಪುವಿನಂಥ ಕಡಲಂಚಿನ ಊರುಗಳಲ್ಲಿ ಉಪ್ಪುನೀರಿನ ಭಯ ಬೇರೆ. ನಾಟಿಗೆ ಹೆಂಗಸರು ಸಿಗುವುದು ತಡವಾದರೆ ನೇಜಿ ಬಲಿಯುತ್ತದೆ. ಬಲಿತ ನೇಜಿ ತೆಂಡೆ ಒಡೆಯುವುದು ಕಡಿಮೆ. ಯಂತ್ರ ತರಿಸೋಣವೆಂದರೆ ಹತ್ತು ಸೆಂಟ್ಸಿನ ಗದ್ದೆಗೆ ಅದು ಇಳಿಯುವ ದಾರಿಯಿಲ್ಲ. ಇದರಲ್ಲಿ ಸೋಮಾರಿತನ ಎಲ್ಲಿದೆ?

ಭತ್ತದ ಮಾತಷ್ಟೇ ಅಲ್ಲ. ಘಟ್ಟದ ಮೇಲೆ ಮೆಕ್ಕೆಜೋಳ ಬೆಳೆಯುವವರನ್ನು ನೋಡಿ. ಅಮೆರಿಕ ಖಂಡದ ಸೈನಿಕ ಹುಳು ಆಫ್ರಿಕಾಕ್ಕೆ ಹಬ್ಬಿ, 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿದ್ದು ನಮ್ಮ ರಾಜ್ಯದ ಹೊಲಗಳಲ್ಲೇ. ಎರಡೆಕರೆಯ ರೈತ ಅದನ್ನು ಮೊದಲೇ ಹೇಗೆ ಅರಿತಾನು?

ಹಾಗೆಂದು ರೈತರಲ್ಲಿ ಕೊರತೆಯೇ ಇಲ್ಲವೆನ್ನುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯುವವರೂ ಇದ್ದಾರೆ. ಆದರೆ ಇಪ್ಪತ್ತೆಂಟು ವರ್ಷ ಅಂಕಪಟ್ಟಿ ಬರೆದ ನನಗೆ ಇಷ್ಟು ಗೊತ್ತು: ಮಗು ಹಸಿದು ಬಂದದ್ದನ್ನು ಬರೆಯಲು ಅಂಕಪಟ್ಟಿಯಲ್ಲಿ ಜಾಗವಿಲ್ಲ. ಇಳುವರಿಯ ಲೆಕ್ಕವೂ ಹಾಗೆಯೇ. ಬೆಟ್ಟಿನಲ್ಲಿ ಹತ್ತು ಕ್ವಿಂಟಾಲ್ ತೆಗೆದವಳ ಬೆವರು, ಬೈಲಿನಲ್ಲಿ ಇಪ್ಪತ್ತು ತೆಗೆದವರದಕ್ಕಿಂತ ಹೆಚ್ಚಿದ್ದೀತು.

ಖರ್ಚಿನ ಜೊತೆಗೆ ಹೀಯಾಳಿಕೆಯೂ ಸೇರಿದರೆ ಯಾರಿಗಾದರೂ ಗದ್ದೆ ಸಾಕೆನಿಸುತ್ತದೆ. 2021ರಲ್ಲಿ ಉಡುಪಿ ಸುತ್ತಿನ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಸಲು ಆಂದೋಲನವನ್ನೇ ನಡೆಸಬೇಕಾಯಿತು. ಗದ್ದೆ ಹಡಿಲು ಬಿದ್ದರೆ ಹೋಗುವುದು ಅಕ್ಕಿ ಮಾತ್ರವಲ್ಲ. ಹಟ್ಟಿಯ ದನಕ್ಕೆ ಬೈಹುಲ್ಲಿಲ್ಲ, ಕಟ್ಟಿದ ಅಂಚಿನೊಳಗೆ ನಿಂತು ಇಂಗುತ್ತಿದ್ದ ನೀರು ಹರಿದು ಹೋಗುತ್ತದೆ. ಕ್ವಿಂಟಾಲಿನ ಲೆಕ್ಕದಲ್ಲಿ ಇವು ಎಂದೂ ಸೇರಿರಲಿಲ್ಲ.

ಎಷ್ಟು ಬೆಳೆಯಿತೆಂದು ಕೇಳುವ ಹಕ್ಕು ಅಕ್ಕಿ ಕೊಳ್ಳುವ ನಮಗಿದೆ. ಯಾವ ಗದ್ದೆಯಲ್ಲಿ ಎಂದು ಕೇಳುವ ಹೊಣೆಯೂ ನಮ್ಮದೇ.