ತಾಪವೂ ಸ್ನೇಹವೂ

ಸಂಸ್ಕೃತದಲ್ಲಿ ‘ಸ್ನೇಹ’ವೆಂದರೆ ಎಣ್ಣೆಯ ಜಿಡ್ಡೂ ಅಹುದು, ಪ್ರೀತಿಯೂ ಅಹುದು, ‘ತಾಪ’ವೆಂದರೆ ಕಾವೂ ಅಹುದು, ದುಃಖವೂ ಅಹುದು. ಇದು ಬರಿಯ ಶಬ್ದಚಮತ್ಕಾರವೋ, ಇಲ್ಲವೆ ಇವುಗಳ ನಡತೆಯಲ್ಲಿಯೇ ಸಾಮ್ಯವುಂಟೋ ಎಂಬುದನ್ನು ವಿಚಾರಿಸಲಿಕ್ಕೆ ದೂರ ಹೋಗಬೇಕಾಗಿಲ್ಲ. ಮುದ್ರಣಕ್ಕೆ ಹೆಸರಾದ ಗದುಗಿನಲ್ಲಿ ಅಚ್ಚುಮೊಳೆಗಳ ಸ್ಥಾನವನ್ನು ಈಗ ಕಂಪ್ಯೂಟರು ಹಿಡಿದಿದೆ. ಅದರ ಹಳೆಯ ಪ್ರೊಸೆಸರನ್ನು ತೆಗೆದು ಹೊಸದನ್ನು ಕೂಡ್ರಿಸುವದನ್ನು ಒಮ್ಮೆ ನೋಡಿದರೆ ಸಾಕು.

ಮೂಲೆಯಲ್ಲಿಯ ತ್ರಿಕೋನದ ಗುರುತು ಹೊಂದಿಸಿ ಇಟ್ಟರೆ ಪ್ರೊಸೆಸರು ತನ್ನ ಭಾರದಿಂದಲೇ ಕೂಡ್ರುವದು, ಒತ್ತಲಾಗದು. ಇದು ಕೈಗೆಲಸ. ವಿಚಾರವಿರುವದು ಆ ಬಳಿಕ ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಎಂಬ ಲೇಪದಲ್ಲಿ. ಪ್ರೊಸೆಸರಿನ ಕಾವನ್ನು ಹೀರಿಕೊಳ್ಳುವ ಹೀಟ್ ಸಿಂಕು ಈ ಲೇಪದ ಮೇಲೆಯೇ ಕುಳಿತುಕೊಳ್ಳುವದು.

ಇಲ್ಲೊಂದು ಆಕ್ಷೇಪ ಬರುವದು. ಎರಡೂ ನುಣ್ಣನೆಯ ಲೋಹಗಳು, ನಡುವೆ ಮೂರನೆಯದೇಕೆ? ಗದುಗಿನ ನೆರೆಯ ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲುಗಳನ್ನು ಗಾರೆಯಿಲ್ಲದೆಯೇ ಜೋಡಿಸಿದರು. 11ನೆಯ ಶತಮಾನದ ಗುಡಿಗಳು ಇಂದಿಗೂ ನಿಂತಿವೆ. ಆದರೆ ಕಲ್ಲು ಹೊರುವದು ಭಾರವನ್ನು. ಭಾರ ಹೊರಲಿಕ್ಕೆ ನಾಲ್ಕೆಡೆ ತಾಕಿದರೂ ನಡೆದೀತು. ತಾಪ ದಾಟಬೇಕಾದರೆ ಎಲ್ಲೆಡೆಯೂ ತಾಕಬೇಕು. ನುಣುಪಾಗಿ ಕಾಣುವ ಲೋಹದಲ್ಲಿಯೂ ಕಣ್ಣಿಗೆ ಬೀಳದ ತಗ್ಗುಗಳುಂಟು. ಅವುಗಳಲ್ಲಿ ಗಾಳಿ ಕುಳಿತಿರುವದು. ಕೂಡುಮನೆಗಳಲ್ಲಿಯೂ ಹಾಗೆಯೇ. ಹೊಲ, ಸಾಲ, ಮದುವೆ-ಮುಂಜಿಗಳ ಭಾರವನ್ನು ಅಣ್ಣತಮ್ಮಂದಿರು ಮಾತಿಲ್ಲದೆಯೂ ಹತ್ತು ವರುಷ ಹೊತ್ತಾರು. ಒಬ್ಬನ ಎದೆಯ ಬೇಗೆ ಮಾತ್ರ ಇನ್ನೊಬ್ಬನಿಗೆ ಮುಟ್ಟದು.

ಹಾಗಾದರೆ ಲೇಪವು ಮಹಾ ಉಷ್ಣವಾಹಕವೇನು? ಅಲ್ಲವೇ ಅಲ್ಲ. ತಾಮ್ರದ ವಾಹಕತೆ ಸುಮಾರು 400 ಇದ್ದರೆ ಒಳ್ಳೆಯ ಲೇಪದ್ದು 5ರಿಂದ 10ರ ಆಸುಪಾಸು, ಗಾಳಿಯದು 0.026 ಮಾತ್ರ. ತಾಮ್ರದ ಮುಂದೆ ಅದು ಬಡವ, ಗಾಳಿಯ ಮುಂದೆ ಶ್ರೀಮಂತ. ಆದುದರಿಂದ ಬಟಾಣಿ ಕಾಳಿನಷ್ಟೇ ಇಡಬೇಕು. ದಪ್ಪನಾಗಿ ಬಳಿದರೆ ಕೂಡಿಸಬೇಕಾದುದೇ ಅಡ್ಡಗೋಡೆಯಾಗುವದು. ಅತ್ತೆ-ಸೊಸೆಯರ ನಡುವೆ ನಿಂತ ಮಗನೂ, ಪಂಚಾಯಿತಿಗೆ ಕುಳಿತ ಹಿರಿಯನೂ ತಪ್ಪುವದು ಬಹುಶಃ ಇಲ್ಲಿಯೇ: ತುಂಬಬೇಕಾದುದು ತಗ್ಗನ್ನು ಮಾತ್ರವೆಂಬುದನ್ನು ಮರೆತು ತಮ್ಮದೇ ಒಂದು ಪದರವನ್ನು ಹಾಸುತ್ತಾರೆ.

ಪುಡಿಯನ್ನು ಉಂಡೆಗಟ್ಟಿಸುವ ಗುಣವೇ ಸ್ನೇಹವೆಂದು ಅನ್ನಂಭಟ್ಟನ ತರ್ಕಸಂಗ್ರಹವು ಹೇಳುವದು. ಆತನು ಅದನ್ನು ನೀರಿಗೆ ಮಾತ್ರ ಸಲ್ಲಿಸಿದನು. ಆ ವಿವಾದ ಇಲ್ಲಿ ಬೇಡ. ಸಾಮಾನ್ಯವಾಗಿ ಈ ಲೇಪವು ಸತುವಿನ ಅಥವಾ ಅಲ್ಯುಮಿನಿಯಮ್ಮಿನ ಆಕ್ಸೈಡಿನ ಪುಡಿಯನ್ನು ಸಿಲಿಕೋನ್ ಎಣ್ಣೆಯಲ್ಲಿ ಕಲಸಿದುದು. ವರುಷಗಳು ಕಳೆದಂತೆ ಎಣ್ಣೆ ಆರುವದು, ಪುಡಿ ಉಳಿಯುವದು, ಬಿರುಕಿನಲ್ಲಿ ಗಾಳಿ ಮರಳುವದು. ಕಾವು 100 ಡಿಗ್ರಿಯ ಹತ್ತಿರ ಬಂದರೆ ಪ್ರೊಸೆಸರು ತನ್ನನ್ನು ಕಾಯ್ದುಕೊಳ್ಳಲು ತಾನೇ ನಿಧಾನವಾಗುವದು. ಜನ ಅದಕ್ಕೆ ಮುಪ್ಪು ಬಂದಿತೆನ್ನುವರು. ಒಣಗಿದ ಲೇಪವನ್ನು ಯಾರೂ ನೆನೆಯರು.

ಇದಕ್ಕಿಂತ ವಿಚಿತ್ರವಾದುದೊಂದುಂಟು. ಸ್ನೇಹವಾರಿದ ಲೇಪ ಕೂಡಿಸಲಾರದು, ಬಿಡಲೂ ಒಲ್ಲದು. ಪ್ರೊಸೆಸರಿಗೇ ಸೂಜಿಯಂಥ ಕಾಲುಗಳಿರುವ ಮಾದರಿಗಳಲ್ಲಿ, ಉದಾಹರಣೆಗೆ ಎಎಂಡಿಯ ಎಎಂ4ರಲ್ಲಿ, ಹೀಟ್ ಸಿಂಕನ್ನು ಥಟ್ಟನೆ ಎಳೆದರೆ ಪ್ರೊಸೆಸರೂ ಅಂಟಿಕೊಂಡೇ ಎದ್ದು ಕಾಲುಗಳು ಮಣಿಯುವದುಂಟು. ಬಲ್ಲವನು ಯಂತ್ರವನ್ನು ಕೊಂಚ ಹೊತ್ತು ನಡೆಯಿಸಿ ಬೆಚ್ಚಗೆ ಮಾಡುವನು. ಬಳಿಕ ಕರೆಂಟು ಆರಿಸಿ, ಹೀಟ್ ಸಿಂಕನ್ನು ಮೆಲ್ಲಗೆ ಅತ್ತಿತ್ತ ತಿರುವಿ ಬಿಡಿಸುವನು. ಹಿಸ್ಸೆಯಾಗಲು ಕುಳಿತ ಅಣ್ಣತಮ್ಮಂದಿರು ಆ ಸ್ವಲ್ಪ ಹೊತ್ತಿನ ಬೆಚ್ಚಗನ್ನು ಎಲ್ಲಿಂದ ತರಬೇಕು? ಹಿಸ್ಸೆಯ ಕಾಗದವನ್ನು ಬರೆಯುವವನು ಅದನ್ನು ಕೇಳುವದಿಲ್ಲ. ಕೇಳಬೇಕಾದ ಹಿರಿಯರು ಹೊಲದ ಬದುವನ್ನು ಅಳೆಯುತ್ತಿರುತ್ತಾರೆ.